ಮೊಸರಿನವಳಿಗೊಂದು ಹೆಸರು

ನನಗೆ ಪತ್ತೇದಾರಿ ಕಾದಂಬರಿಯ ಹುಚ್ಚು ಹತ್ತಿದ್ದು ಮಿರ್ಚಿ ಕಟ್ಟಿದ ಕಾಗದದಿಂದ. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂಬಳದ ದಿನ ಪಾಳಿ ಮುಗಿಸಿ ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ದಾವಣಗೆರೆಯವರಿಗೆ ಮಂಡಕ್ಕಿ ಮಿರ್ಚಿ ಅಂದರೆ ಏನಂತ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳಿದರೂ ಪ್ರಯೋಜನವಿಲ್ಲ, ಬಂದು ತಿನ್ನಬೇಕು. ಒಂದು ಸಂಜೆ ಮಿರ್ಚಿ ಖಾಲಿಯಾದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಯಾವುದೋ ಕಾದಂಬರಿಯ ಹಾಳೆ. ಎಣ್ಣೆ ಕುಡಿದು ಆ ಕಡೆಯ ಅಕ್ಷರ ಈ ಕಡೆಗೂ ಕಾಣುತ್ತಿತ್ತು. ಬಲ್ಬಿನ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಬಿಡಿಸಿಕೊಂಡು ಓದಿದೆ. ಒಬ್ಬ ಸಾಹುಕಾರ ಸತ್ತು ಬಿದ್ದಿದ್ದಾನೆ. ಬಾಗಿಲಿಗೆ ಒಳಗಿನಿಂದ ಚಿಲಕ. ಪತ್ತೇದಾರ ಮಂಚದ ಕೆಳಗೆ ಬಗ್ಗಿ ನೋಡುತ್ತಾನೆ. ಅಲ್ಲಿ...

ಅಷ್ಟೇ. ಪುಟ ಮುಗಿಯಿತು.

ಮರುದಿನ ಶಾಲೆ ಬಿಟ್ಟವಳೇ ಅಂಗಡಿಗೆ ಓಡಿದೆ. "ನಿನ್ನೆ ಮಿರ್ಚಿ ಕಟ್ಟಿಕೊಟ್ರಲ್ಲ, ಆ ಪುಸ್ತಕದ ಮುಂದಿನ ಹಾಳೆ ಕೊಡಿ ಮಾವ" ಅಂದೆ. ಅವರು ನಗುತ್ತಾ ರದ್ದಿ ಗುಡ್ಡೆಗೆ ಕೈ ಹಾಕಿ ಒಂದು ಹಾಳೆ ಎಳೆದು ಕೊಟ್ಟರು. ಅದು ಏಳನೇ ಕ್ಲಾಸಿನ ಗಣಿತ. ಮಂಚದ ಕೆಳಗೆ ಏನಿತ್ತು ಅನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಊರಿನ ಯಾರದೋ ಮನೆಯಲ್ಲಿ ಆ ಗುಟ್ಟಿಗೆ ಕೈ ಒರೆಸಿ ಬಿಸಾಕಿರುತ್ತಾರೆ. ತಡೆಯಲಾರದೆ ಮುಂದಿನ ಕಥೆಯನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾನೇ ಬರೆದೆ. ಕೊಲೆಗಾರ ಮಿರ್ಚಿ ಅಂಗಡಿಯವನು. ನನ್ನ ಮೊದಲ ಕೃತಿ ಅದೇ.

ಆಮೇಲೆ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಸಿಕ್ಕಿತು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಿಕ್ಕಿದ. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು 500ಕ್ಕೂ ಜಾಸ್ತಿ ಕಾದಂಬರಿ. ನಮ್ಮ ಮೇಷ್ಟ್ರು ಪಾಠದಲ್ಲಿ ಒಂದು ಸಲವೂ ಅವರ ಹೆಸರೆತ್ತಲಿಲ್ಲ. ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಮಾತ್ರ ಅವರ ಪುಸ್ತಕ ಇರುತ್ತಿತ್ತು. ನಮ್ಮ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಹಾಗಾಗಿ ನವೆಂಬರ್ 1ರಂದು ಎಲ್ಲರೂ ಒಂದು ನಮಸ್ಕಾರ ಹಾಕಿದರೆ ನಾನು ಎರಡು ಹಾಕುತ್ತೇನೆ. ಒಂದು ನಾಡಿಗೆ, ಇನ್ನೊಂದು ಕಸುಬಿಗೆ.

ಈಗ ನಾನು ಬರೆಯುವ ರೀತಿ ಕೇಳಿದರೆ ನಗುತ್ತೀರಿ. ನಮ್ಮ ಮನೆಯವರು ಮಂಡಿಪೇಟೆಯ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು. ಅಲ್ಲಿ ಮಿಕ್ಕಿದ ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಖಾತೆ ಪುಸ್ತಕಗಳು ನನ್ನ ಪಾಲಿಗೆ ಬರುತ್ತವೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮಾ ಕಡೆ ಓದುಗರ ಕೈಗೆ ಕೊಟ್ಟ ಸುಳಿವು, ಯಾವ ಅಧ್ಯಾಯದಲ್ಲಿ ಕೊಟ್ಟೆ ಅಂತ. ಖರ್ಚಿನ ಕಡೆ ಆ ಸುಳಿವು ಎಲ್ಲಿ ತೀರಿತು ಅಂತ. ಎರಡೂ ತಾಳೆಯಾಗುವ ತನಕ ಕಾದಂಬರಿ ಮುಗಿಯುವ ಹಾಗಿಲ್ಲ. ಒಮ್ಮೆ ಅವಸರದಲ್ಲಿ ಮುಗಿಸಿ ಕಳಿಸಿಬಿಟ್ಟೆ. ಹರಿಹರದಿಂದ ಓದುಗರೊಬ್ಬರ ಕಾರ್ಡು ಬಂತು. "ಕಾದಂಬರಿ ಚೆನ್ನಾಗಿದೆ. ಮೂರನೇ ಅಧ್ಯಾಯದಲ್ಲಿ ಮೂಲೆಗೆ ಒರಗಿಸಿಟ್ಟ ಒದ್ದೆ ಕೊಡೆ ಯಾರದು?" ನನ್ನ ಎದೆ ಧಸಕ್ಕೆಂದಿತು. ಕೊಡೆ ನಾನೇ ಮರೆತಿದ್ದೆ. ಮನೆಯವರು ಕಾರ್ಡು ಓದಿ, "ಬಾಕಿ ಉಳಿಸ್ಕೊಂಡಿದೀಯ" ಅಂತಷ್ಟೇ ಹೇಳಿ ಊಟಕ್ಕೆ ಕೂತರು. ಗುಮಾಸ್ತರ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಇನ್ನೊಂದು ಪದ್ಧತಿ ಉಂಟು. ಕೊನೆಯ ಅಧ್ಯಾಯವನ್ನು ನಾನು ಮೊದಲು ಬರೆದಿಡುತ್ತೇನೆ. ಯಾರು ಕೊಂದರು, ಹೇಗೆ ಕೊಂದರು ಅನ್ನುವುದು ಇತ್ಯರ್ಥವಾಗದೆ ಮೊದಲ ಸಾಲಿಗೆ ಕೈ ಏಳುವುದಿಲ್ಲ. ಹಾಗೆ ಮಾಡಿದರೆ ಬರೆಯುವವರಿಗೇ ಕುತೂಹಲ ಉಳಿಯುವುದಿಲ್ಲ ಅಂತ ಒಬ್ಬ ಗೆಳತಿಯ ತಕರಾರು. ಇರಬಹುದು. ಆದರೆ ಮುಂದಿನ ಹಾಳೆ ಇಲ್ಲದೆ ಒಂದು ರಾತ್ರಿಯಿಡೀ ಹೊರಳಾಡಿದವಳು ನಾನು. ಅಂಥ ಹೊತ್ತು ಮತ್ತೆ ಬೇಡ.

ಪಾತ್ರಗಳಿಗೆ ಬರೋಣ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಓದಿದ್ದು ವೈದ್ಯಕೀಯ. ಎಡಿನ್‌ಬರೋದಲ್ಲಿ ಅವರಿಗೆ ಪಾಠ ಹೇಳಿದ ಡಾಕ್ಟರ್ ಜೋಸೆಫ್ ಬೆಲ್, ರೋಗಿಯನ್ನು ಒಂದು ಸಲ ನೋಡಿಯೇ ಅವನ ಕಸುಬು, ಅವನು ಬಂದ ದಾರಿ ಎಲ್ಲ ಹೇಳಿಬಿಡುತ್ತಿದ್ದರಂತೆ. ಹೋಮ್ಸ್ ಹುಟ್ಟಿದ್ದು ಆ ಗುರುವಿನಿಂದ. ನನ್ನ ಪತ್ತೇದಾರ ಹುಟ್ಟಿದ್ದು ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ. ನಾವು ಚಿಕ್ಕವರಿದ್ದಾಗ ಆ ಗೇಟು ಬಿತ್ತೆಂದರೆ ಊರು ಎರಡು ಹೋಳು. ಸಾಹುಕಾರನ ಕಾರು, ಹತ್ತಿ ಗಾಡಿ, ಸ್ಕೂಲ್ ಮಕ್ಕಳು, ಹೆಣ ಹೊತ್ತವರು, ಮದುವೆ ದಿಬ್ಬಣ, ಎಲ್ಲರೂ ಅಲ್ಲೇ ನಿಲ್ಲಬೇಕು. ಇಡೀ ಊರನ್ನು ದಿನಕ್ಕೆ ಹತ್ತಾರು ಸಲ ನಿಲ್ಲಿಸಿ ಮುಖ ನೋಡುವ ಭಾಗ್ಯ ಯಾವ ಪೊಲೀಸರಿಗಿದೆ ಹೇಳಿ? ನನ್ನ ಕಥೆಗಳ ಗೇಟಜ್ಜ ರಿಟೈರಾದ ಗೇಟ್‌ಮನ್. ಬೀಡಿ ಸೇದುತ್ತಾನೆ, ಮೊಣಕಾಲು ನೋವು, ಜೀಪು ಹತ್ತಲು ಇನ್ನೊಬ್ಬರು ಕೈ ಕೊಡಬೇಕು. ಆದರೆ ಮನುಷ್ಯರನ್ನು ಅಳೆಯಲು ಅವನದೇ ಒಂದು ಲೆಕ್ಕ ಇದೆ. "ಗೇಟ್ ಹಾಕಿದಾಗ ಹಾರ್ನ್ ಹೊಡೀತಾನಲ್ಲ, ಅವನು ಕೊಲೆ ಮಾಡಲ್ಲ. ಬಗ್ಗಿ ದಾಟ್ತಾನಲ್ಲ, ಅವನು ಕದೀಬಹುದು. ಎಂಜಿನ್ ಆಫ್ ಮಾಡಿ ಸುಮ್ನೆ ಕಾಯ್ತಾನಲ್ಲ, ಅವನ ಮೇಲೆ ಒಂದು ಕಣ್ಣಿಡು." ಇದನ್ನು ಬರೆದ ಮೇಲೆ ನಮ್ಮ ಮನೆಯವರು ಗೇಟಿನಲ್ಲಿ ಸ್ಕೂಟರ್ ಆಫ್ ಮಾಡುವುದನ್ನು ಬಿಟ್ಟಿದ್ದಾರೆ. ಪೆಟ್ರೋಲ್ ಸುಮ್ನೆ ಉರಿಯುತ್ತದೆ.

ವಿಷದ ವಿಚಾರದಲ್ಲಿ ನಾನು ಬಡವಿ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ಶೀಶೆಯಲ್ಲಿ ಏನಿದೆ, ಎಷ್ಟಾದರೆ ಮದ್ದು, ಎಷ್ಟಾದರೆ ಮಣ್ಣು ಅನ್ನುವುದು ಅವರಿಗೆ ಕೈಬೆರಳಿನಲ್ಲಿ. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ಕೊಲೆಯಾಗುವುದು ಸ್ಟ್ರಿಕ್ನೀನ್‌ನಿಂದ. ಅದು ನಮ್ಮ ಕಾಸರಕದ ಬೀಜದಲ್ಲಿರುವ ವಿಷವೇ ಅಂತ ತಿಳಿದ ದಿನ ನನಗೆ ಭಾರಿ ಖುಷಿಯಾಯಿತು. ಕಾಡು ನಮ್ಮದು, ಮರ ನಮ್ಮದು, ಹೆಣ ಒಂದು ಬೀಳಿಸುವುದು ಎಷ್ಟೊತ್ತು? ಬೆಣ್ಣೆ ದೋಸೆಯಲ್ಲಿ ಹಾಕಿಸೋಣ ಅಂದುಕೊಂಡೆ. ಆದರೆ ಆ ವಿಷ ಕಡುಕಹಿ. ನಮ್ಮ ಬೆಣ್ಣೆ ದೋಸೆಗೆ ಸಾಂಬಾರಿನ ಮರೆ ಕೂಡ ಇಲ್ಲ. ಬಿಳೀ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಮೇಲೆ ಬೆಣ್ಣೆ, ಅಷ್ಟೇ. ಒಂದು ಚಟ್ನಿಗೆ ಉಪ್ಪು ಹೆಚ್ಚಾದರೆ ಮಾಣಿಯನ್ನು ಕರೆದು ಪಂಚಾಯಿತಿ ಮಾಡುವ ಊರು ನಮ್ಮದು. ಇಲ್ಲಿ ಕಹಿ ದೋಸೆಯನ್ನು ಎರಡನೇ ತುತ್ತು ತಿನ್ನುವವರು ಯಾರು? ಆ ಕಥೆ ಅಲ್ಲಿಗೇ ನಿಂತಿತು.

ಹೀಗೆ ಸೋತಾಗ ನಾನು ಕೆಲಸ ಬಲ್ಲವರ ಹತ್ತಿರ ಹೋಗುತ್ತೇನೆ. ಒಂದು ಕಾದಂಬರಿಯಲ್ಲಿ ಕದ್ದ ಚಿನ್ನವನ್ನು ಮಂಡಕ್ಕಿ ಚೀಲದಲ್ಲಿ ಸಾಗಿಸಬೇಕಿತ್ತು. ಮಂಡಕ್ಕಿ ಭಟ್ಟಿಗೆ ಹೋದೆ. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು, ಹೊಗೆಗೆ ಕಣ್ಣಲ್ಲಿ ನೀರು. ಅಲ್ಲಿ ಜರಡಿ ಹಿಡಿಯುತ್ತಿದ್ದ ಹೆಂಗಸಿಗೆ ನನ್ನ ಕಥೆ ಹೇಳಿದೆ. ಅವರು ಕೈ ನಿಲ್ಲಿಸದೆ, "ಆಗಲ್ಲ ಬಿಡಕ್ಕ" ಅಂದರು. "ಮಂಡಕ್ಕಿ ಚೀಲ ನನ್ನ ಮಗನೂ ಒಂದೇ ಕೈಲಿ ಎತ್ತುತಾನೆ. ಅದರಾಗೆ ಎರಡು ಕೇಜಿ ಜಾಸ್ತಿ ಇದ್ರೂ ಹಮಾಲರ ಹೆಗಲಿಗೆ ತಿಳೀತತಿ." ನಾನು ಅಲ್ಲೇ ನಿಂತು ಖಾತೆ ಪುಸ್ತಕ ತೆಗೆದೆ. ಬಚ್ಚಿಡುವ ಜಾಗ ಹೋಯಿತು, ಆದರೆ ಅದಕ್ಕಿಂತ ಒಳ್ಳೆಯ ಸುಳಿವು ಸಿಕ್ಕಿತ್ತು. ಆ ಕಾದಂಬರಿಯಲ್ಲಿ ಕಳ್ಳನನ್ನು ಹಿಡಿಸಿದ್ದು ಒಬ್ಬ ಹಮಾಲನ ಹೆಗಲು.

ಆದರೆ ನನ್ನ ದೊಡ್ಡ ಗುರು ಇರುವುದು ಚಿತ್ರದುರ್ಗದಲ್ಲಿ. ನಮಗೆ ದುರ್ಗ ಸುಮಾರು 60 ಕಿಲೋಮೀಟರ್. 1997ರವರೆಗೆ ನಮ್ಮ ಜಿಲ್ಲೆಯೂ ಅದೇ. ಕಥೆ ಎಲ್ಲಾದರೂ ಕಚ್ಚಿಕೊಂಡರೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಕೋಟೆ ಏರುತ್ತೇನೆ. ಏಳು ಸುತ್ತು. ಬಾಗಿಲುಗಳು ನೇರ ಇಲ್ಲ, ಹಾವಿನ ಹಾಗೆ ತಿರುಗಿ ತಿರುಗಿ ಬರುತ್ತವೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದೋಣವೆಂದರೆ ಓಡುವಷ್ಟು ಜಾಗ ಸಿಗಬಾರದು ಅಂತ. ಒಳ್ಳೆಯ ಪತ್ತೇದಾರಿ ಕಥೆಯೂ ಹಾಗೇ ಇರಬೇಕು. ಓದುಗ ಬಲವಾಗಿ ಊಹಿಸಿ ಓಡಿ ಬರುತ್ತಿರುತ್ತಾನೆ, ಅಷ್ಟರಲ್ಲಿ ಒಂದು ತಿರುವು. ಇಷ್ಟೆಲ್ಲ ಕಟ್ಟಿದ ಮೇಲೂ ಅಲ್ಲಿ ಒಂದು ಕಿಂಡಿ ಇದೆ. ಒಬ್ಬರು ಮೈ ಹಿಡಿಮಾಡಿಕೊಂಡು ನುಸುಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಥೆ ನಿಮಗೆ ಗೊತ್ತು. ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿ ಕೂತಿದೆ. ದಾರಿ ಸಿಗುತ್ತಿಲ್ಲ. ಮೊಸರು ಮಾರುವ ಹೆಂಗಸು ಕಿಂಡಿಯಲ್ಲಿ ನುಸುಳುವುದು ಅವರ ಕಣ್ಣಿಗೆ ಬೀಳುತ್ತದೆ. ಅವತ್ತು ಕಾವಲುಗಾರ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಹೆಂಡತಿ ಓಬವ್ವ ಕುಡಿಯುವ ನೀರು ತರಲು ತಣ್ಣೀರು ದೋಣಿಗೆ ಹೋದವಳು ಪಿಸುಮಾತು ಕೇಳುತ್ತಾಳೆ. ಮುಂದಿನದು ಒನಕೆಯ ಕೆಲಸ. ಆ ಜಾಗದಲ್ಲಿ ನಿಂತು ನಾನು ಪ್ರತಿ ಸಲ ಕೈ ಮುಗಿಯುತ್ತೇನೆ. ಮುಗಿದಾದ ಮೇಲೆ ನನ್ನ ಕೆಟ್ಟ ಬುದ್ಧಿ ಬೇರೆ ಕಡೆ ಹೊರಳುತ್ತದೆ. ಎಲ್ಲರೂ ಒನಕೆಯ ಕಡೆ ನೋಡುತ್ತಾರೆ. ನನಗೆ ಮೊಸರಿನವಳ ಚಿಂತೆ.

ಅವಳು ಯಾರು? ಕೋಟೆಯ ಒಳಗೆ ಹಸುಗಳಿಲ್ಲವೇ, ಹೊರಗಿನ ಮೊಸರೇ ಯಾಕೆ ಬೇಕಿತ್ತು? ಕಿಂಡಿಯ ಕಾವಲು ಮುದ್ದಹನುಮನದು ಅಂದಮೇಲೆ ಅವಳು ನುಸುಳುತ್ತಿದ್ದದ್ದು ಅವನಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಬಿಟ್ಟ. ಯಾಕೆ ಬಿಟ್ಟ? ಆ ಮಧ್ಯಾಹ್ನ ಅವನ ಗಂಗಾಳದಲ್ಲಿ ಮುದ್ದೆ ಆದಮೇಲೆ ಅನ್ನಕ್ಕೆ ಕಲಸಿಕೊಂಡ ಮೊಸರು ಯಾರ ಗಡಿಗೆಯದು? ಒಮ್ಮೆ ಇದನ್ನೆಲ್ಲ ಒಬ್ಬ ಗೈಡ್ ಹತ್ತಿರ ಕೇಳಿದೆ. ಪಾಪ, ಅವರು ಬಿಸಿಲಿನಲ್ಲಿ ಮೂರನೇ ಗುಂಪಿಗೆ ಅದೇ ಕಥೆ ಹೇಳಿ ಸುಸ್ತಾಗಿದ್ದರು. "ಮೇಡಂ, ಮೊಸರು ಮುಖ್ಯ ಅಲ್ಲ" ಅಂದರು. ನನಗೆ ಅದೇ ಮುಖ್ಯ. ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು. ಮದಕರಿ ನಾಯಕನ ಹೆಸರು ಉಳಿಯಿತು, ಓಬವ್ವನ ಹೆಸರು ಉಳಿಯಿತು, ಊಟಕ್ಕೆ ಕೂತ ಮುದ್ದಹನುಮನ ಹೆಸರೂ ಉಳಿಯಿತು. ದಾರಿ ತೋರಿಸಿದವಳನ್ನು ಮಾತ್ರ ಮೊಸರಿನವಳು ಅಂತಲೇ ಕರೆಯುತ್ತೇವೆ. ಇಂಥವಳನ್ನು ಕೊಲೆಗಾರ್ತಿ ಮಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ ಅಂತ ಹೊಳೆದಾಗ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟೆ. ಬಂಡೆ ಕಾದಿತ್ತು, ಎದ್ದೆ. ಆದರೆ ಕೊನೆಯ ಅಧ್ಯಾಯ ವಾಪಸ್ ಬರುವ ಬಸ್ಸಿನಲ್ಲೇ ಮುಗಿಯಿತು.

ಈ ಸಲದ ಕಾದಂಬರಿ ಅದೇ. ಹಳೇ ದಾವಣಗೆರೆಯ ಒಂದು ವಠಾರ, ಒಬ್ಬ ಬಡ್ಡಿ ಸಾಹುಕಾರ, ಒಳಗಿನಿಂದ ಚಿಲಕ ಹಾಕಿದ ಕೋಣೆ. (ಮಂಚದ ಕೆಳಗೆ ಒಂದು ವಸ್ತು ಇಟ್ಟಿದ್ದೇನೆ. ಇಡದಿದ್ದರೆ ನನಗೆ ಸಮಾಧಾನ ಇರುತ್ತಿರಲಿಲ್ಲ.) ಬೆಳಿಗ್ಗೆ ಆರಕ್ಕೆ ಮೊಸರಿನವಳು ಬರುತ್ತಾಳೆ, ಮೊಸರು ಅಳೆದು ಹಾಕುತ್ತಾಳೆ, ಹೋಗುತ್ತಾಳೆ. ಜಮಾ ಖರ್ಚು ಎರಡೂ ತಾಳೆ. ಮನೆಯವರು ನೋಡಿ "ಬಾಕಿ ಏನಿಲ್ಲ" ಅಂದರು.

ಉಳಿದದ್ದು ನಮ್ಮ ಅತ್ತೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಸಂಜೆ ಅವರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಾಗ ನಾನು ಓದಿ ಹೇಳುತ್ತೇನೆ. ಕಲ್ಲು ಯಾವುದು, ಅಕ್ಕಿ ಯಾವುದು ಅಂತ ಬೆರಳಿನಲ್ಲೇ ತಿಳಿಯುವವರು. ಎರಡನೇ ಅಧ್ಯಾಯ ಮುಗಿದಿರಲಿಲ್ಲ, ಮೊರ ಕೆಳಗಿಟ್ಟರು.

"ಮೊಸರಿನವಳೇ ಅಲ್ವಾ?"

ನನ್ನ ಬಾಯಿ ಒಣಗಿತು. "ಹೆಂಗೆ ಗೊತ್ತಾಯ್ತು ಅತ್ತೆ? ಅವಳು ಬಂದಿರೋದು ಎರಡೇ ಸಲ."

"ಎಲ್ಲರಿಗೂ ಹೆಸರಿಟ್ಟಿದೀಯ. ಸಾಹುಕಾರನ ನಾಯಿಗೂ ಇಟ್ಟಿದೀಯ. ಇವಳೊಬ್ಬಳಿಗೆ ಇಟ್ಟಿಲ್ಲ. ನೀನು ಏನಾದ್ರೂ ಮುಚ್ಚಿಟ್ರೆ ಹಂಗೇ ಕಣವ್ವಾ, ಆ ಕಡೆ ನೋಡೋದೇ ಇಲ್ಲ. ಹೋದ ವರ್ಷ ಗಾಜಿನ ಭರಣಿ ಒಡೆದಾಗಲೂ ಅಷ್ಟೇ."

ಭರಣಿ ವಿಷಯ ಅವರಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಹಾಗಾಗಿ ಈಗ ಮತ್ತೆ ಮೊದಲಿಂದ ಬರೆಯುತ್ತಿದ್ದೇನೆ. ನಾಯಿಯ ಹೆಸರು ತೆಗೆದಿದ್ದೇನೆ. ಮೊಸರಿನವಳಿಗೆ ಒಂದು ಹೆಸರು ಬೇಕು. ಅತ್ತೆ ತಾವಾಗಿಯೇ ಮೂರು ಹೆಸರು ಸೂಚಿಸಿದ್ದಾರೆ. ಮೂರೂ ಅವರ ವಾರಗಿತ್ತಿಯರ ಹೆಸರು.