ಬ್ಯಾಂಕ್ಸಿಯ ಹೆಸರು ಗೊತ್ತಾಗಿ ಏನಾಗಬೇಕು?

ಹೆಸರು, ಮುಖ ಮುಚ್ಚಿಟ್ಟು ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯುವ ಬ್ಯಾಂಕ್ಸಿ ಯಾರು ಅಂತ ಪತ್ತೆ ಹಚ್ಚುವವರ ಹುಮ್ಮಸ್ಸು ನನಗೆ ಅರ್ಥವೇ ಆಗುವುದಿಲ್ಲ. ಆಗಾಗ ಯಾರೋ ‘ಗುಟ್ಟು ರಟ್ಟಾಯ್ತು’ ಅಂತ ಬರೆಯುತ್ತಾರೆ. ಅದು ನಮ್ಮ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಬಂದು ಬೀಳುತ್ತದೆ. ಹೆಸರು ಗೊತ್ತಾದರೆ ಚಿತ್ರ ಬೇರೆ ಥರ ಕಾಣುತ್ತಾ? ನನಗೆ ಕುತೂಹಲ ಇರುವುದು ಆತನ ಊರಿನ ಬಗ್ಗೆ, ಇಂಗ್ಲೆಂಡಿನ ಬ್ರಿಸ್ಟಲ್ ಬಗ್ಗೆ.

2006ರಲ್ಲಿ ಅಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್ ಒಂದರ ಗೋಡೆ ಮೇಲೆ ಚಿತ್ರವೊಂದು ಕಾಣಿಸಿಕೊಂಡಿತು. ಕಿಟಕಿಯಿಂದ ಗಂಡ ಇಣುಕುತ್ತಿದ್ದಾನೆ, ಹಿಂದೆ ಹೆಂಡತಿ. ಕೆಳಗೆ ಒಂದೇ ಕೈಯಲ್ಲಿ ನೇತಾಡುತ್ತಿರುವ ಬೆತ್ತಲೆ ಪ್ರಿಯಕರ! ಅಳಿಸಬೇಕೋ ಬೇಡವೋ ಅಂತ ನಗರಸಭೆ ಜನರನ್ನೇ ಕೇಳಿತು. ಉತ್ತರ ಕೊಟ್ಟವರಲ್ಲಿ ನೂರಕ್ಕೆ 97 ಮಂದಿ ಇರಲಿ ಅಂದರು. ಉಳಿಯಿತು. 2009ರಲ್ಲಿ ಅದೇ ಊರಿನ ಮ್ಯೂಸಿಯಂ ಆತನ ಪ್ರದರ್ಶನ ಇಟ್ಟಾಗ ಮೂರು ಲಕ್ಷಕ್ಕೂ ಜಾಸ್ತಿ ಜನ ಬಂದರು.

2014ರ ಜಗಳ ಇನ್ನೂ ಮಜವಾಗಿದೆ. ಅಪ್ಪಿಕೊಂಡೇ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಮೊಬೈಲ್ ನೋಡುವ ಜೋಡಿ. ಆ ಚಿತ್ರ ಬಂದದ್ದು ಹುಡುಗರ ಕ್ಲಬ್ಬೊಂದರ ಪಕ್ಕದಲ್ಲಿ. ಕ್ಲಬ್ಬಿಗೆ ದುಡ್ಡಿನ ಮುಗ್ಗಟ್ಟು. ಅವರು ಚಿತ್ರವನ್ನು ಹಲಗೆ ಸಮೇತ ಕಿತ್ತು ಒಳಗಿಟ್ಟುಕೊಂಡರು. ಜಾಗ ನಮ್ಮದು ಅಂತ ನಗರಸಭೆ ತಕರಾರು ತೆಗೆಯಿತು, ಚಿತ್ರ ಮ್ಯೂಸಿಯಂಗೆ ಹೋಯಿತು. ಕೊನೆಗೆ ಬ್ಯಾಂಕ್ಸಿಯೇ ಕಾಗದ ಬರೆದ, ಅದು ಕ್ಲಬ್ಬಿಗೇ ಸೇರಲಿ ಅಂತ. 4,03,000 ಪೌಂಡಿಗೆ ಮಾರಾಟವಾಯಿತು, ಕ್ಲಬ್ ಉಳಿಯಿತು. ಮುಖ ತೋರಿಸದವನ ಒಂದು ಕಾಗದಕ್ಕೆ ಊರು ಅಷ್ಟು ಬೆಲೆ ಕೊಟ್ಟಿತಲ್ಲ, ನನಗೆ ಹೊಟ್ಟೆಕಿಚ್ಚು ಅದಕ್ಕೆ.

ಮಾಟುಂಗದಲ್ಲಿ ಕಾಫಿ ಕುಡಿಯುವಾಗ ಇದನ್ನು ಹೇಳಿದೆ. ಹೋಟೆಲ್ ನಡೆಸುವ ನಮ್ಮ ಶೆಟ್ರು ಒಪ್ಪಲೇ ಇಲ್ಲ. ‘ಎಂಥ ಮಾರಾಯ್ರೆ, ರಾತ್ರಿ ಯಾರೋ ಬಂದು ನನ್ನ ಶಟರ್ ಮೇಲೆ ಗೀಚಿದ್ರೆ ಬೆಳಿಗ್ಗೆ ಪೇಂಟಿಗೆ ದುಡ್ಡು ಕೊಡುವುದು ನಾನಲ್ವಾ?’ ಅಂದರು. ಸರಿಯಾದ ಮಾತೇ. ಎಲ್ಲ ಗೀಚೂ ಕಲೆಯಲ್ಲ, ಶಟರ್ ಅವರದ್ದೇ.

ಆದರೆ ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ಗೋಡೆಗಳು? ಮುಂಬೈಗೆ ಬಣ್ಣ ಹೊಸದೇನಲ್ಲ. 2009ರಲ್ಲಿ ತುಳಸಿ ಪೈಪ್ ರೋಡಿನ ಉದ್ದನೆಯ ಗೋಡೆಗೆ ಜನರೇ ಬಂದು ಚಿತ್ರ ಬರೆದರು. 2017ರಲ್ಲಿ ಸಾಸೂನ್ ಡಾಕ್‌ನಲ್ಲಿ, ಮೀನಿನ ವಾಸನೆಯ ನಡುವೆಯೇ, ದೊಡ್ಡ ಕಲಾ ಪ್ರದರ್ಶನ ನಡೆಯಿತು. ಎರಡೂ ನನಗಿಷ್ಟ. ಆದರೆ ಅನುಮತಿ ಪಡೆದ ಗೋಡೆ ಯಾರನ್ನೂ ಚುಚ್ಚುವುದು ಕಡಿಮೆ. ಚುಚ್ಚುವವರಿಗೆ ಹೆಸರು ಮುಚ್ಚಿಡಲೇಬೇಕು. ನಮ್ಮಲ್ಲೂ ಟೈಲರ್ ಅಂತ ಒಬ್ಬರಿದ್ದಾರೆ, ಮುಖ ತೋರಿಸದೆ ಮುಂಬೈ ಗೋಡೆಗಳ ಮೇಲೆ ಸ್ಟೆನ್ಸಿಲ್ ಹಿಡಿದು ರಾಜಕೀಯದವರನ್ನು ಕೆಣಕುತ್ತಾರೆ. ಅಂಥ ಚಿತ್ರಕ್ಕೆ ಸುಣ್ಣ ಬಳಿಯುವ ಮೊದಲು ಆ ಗಲ್ಲಿಯವರನ್ನು ಒಂದು ಮಾತು ಕೇಳಿದರೆ ಏನು ನಷ್ಟ? ಬೇಡ ಅಂದರೆ ಅಳಿಸಿ, ಜಗಳವಿಲ್ಲ.

ಈಗ ನೀವು ಹೇಳಿ. ನಿಮ್ಮ ಸೊಸೈಟಿಯ ಕಾಂಪೌಂಡ್ ಮೇಲೆ ನಾಳೆ ಬೆಳಿಗ್ಗೆ ಇಂಥದ್ದೊಂದು ಚಿತ್ರ ಕಂಡರೆ ಸೆಕ್ರೆಟರಿ ಮೀಟಿಂಗ್ ಕರೆಯುತ್ತಾರಾ, ಇಲ್ಲಾ ಸೀದಾ ಪೇಂಟರ್‌ಗೆ ಫೋನ್ ಮಾಡುತ್ತಾರಾ?