ಜ್ವರ ಬಂದು ಎಷ್ಟನೇ ದಿನ ಅಂತ ಒಬ್ಬರರ ಕೇಳಬಾರದೇನ್ರಿ?

ಇವತ್ತ ಮಗಳ್ನ ಡಿಸ್ಚಾರ್ಜ್ ಮಾಡಿಸ್ಕೊಂಡ ಮನಿಗೆ ಬಂದೇವಿ, ಕೂಸು ಮಲಗೇತಿ, ನನಗ ಮಾತ್ರ ಸಿಟ್ಟ ಇಳಿವಲ್ದು, ಅದಕ್ಕ ಬರಿಯಾಕತ್ತೇನಿ.

ಆರು ವರ್ಷದ ಹುಡುಗಿ. ರವಿವಾರ ಸಂಜಿಮುಂದ ಮೈ ಕೆಂಡ ಆತು. ಪ್ಯಾರಾಸಿಟಮಾಲ್ ಹಾಕಿದ್ರ ಇಳಿಯೂದು, ನಾಕ ತಾಸಿಗೆ ಮತ್ತ ಏರೂದು. ನಮ್ಮ ಗದಗ-ಬೆಟಗೇರಿಯೊಳಗ ನಳ ಯಾವಾಗ ಬರ್ತಾವ ದೇವರಿಗೇ ಗೊತ್ತು, ಮನಿಮನಿಗೆ ಬ್ಯಾರಲ್ ತುಂಬಿಟ್ಟಿರ್ತೀವಿ, ಅದರಾಗ ಸೊಳ್ಳಿ, ಓಣ್ಯಾಗ ಆಗ್ಲೇ ಇಬ್ಬರಿಗೆ ಡೆಂಗ್ಯೂ ಆಗಿತ್ತು. ಇದನ್ನ ಕ್ಲಿನಿಕ್‌ನ್ಯಾಗೂ ಹೇಳಿದೆ, ಲ್ಯಾಬಿನ್ಯಾಗೂ ಹೇಳಿದೆ. ಶುಕ್ರವಾರ ರಕ್ತ ತಗೊಂಡ್ರು, ಅಂದ್ರ ಆರನೇ ದಿನ. ಇಪ್ಪತ್ತ ನಿಮಿಷಕ್ಕ ಕಾರ್ಡ್ (ಲಗೂನ ಉತ್ತರ ಕೊಡೂ ಸಣ್ಣ ಟೆಸ್ಟ್ ಪಟ್ಟಿ) ನೋಡಿ ಡೆಂಗ್ಯೂ ನೆಗೆಟಿವ್, ಟೈಫಾಯ್ಡಿಗೆ ಮಾಡೂ ವಿಡಾಲ್ ಟೆಸ್ಟ್ ಪಾಸಿಟಿವ್, ಟೈಫಾಯ್ಡ್ ಐತಿ ಅಂದ್ಬಿಟ್ರು. ಬರೇ ಡೆಂಗ್ಯೂ ಕಾರ್ಡಿಗೇ 600 ರೂಪಾಯಿ. ಡೆಂಗ್ಯೂ ಅಲ್ಲಂದಮ್ಯಾಲೆ ಕ್ಲಿನಿಕ್‌ನ್ಯಾಗ ಐಬುಪ್ರೊಫೆನ್ ಕೂಡಿಸಿದ್ದ ಸಿರಪ್ ಬರದ್ರು, ಒಂದು ಸೂಜಿನೂ ಮಾಡಿದ್ರು.

ಶನಿವಾರ ಜ್ವರ ಬಿಡ್ತು. ಅವ್ವ ದೇವರಿಗೆ ದೀಪ ಹಚ್ಚಿದ್ಲು. ಮಧ್ಯಾಹ್ನಕ್ಕ ಕೂಸಿನ ಕೈಕಾಲು ತಣ್ಣಗಾದ್ವು, ಹೊಟ್ಟಿ ನೋಯ್ತೈತಿ ಅಂತ ಅಳೂದು, ಮ್ಯಾಲಿಂದ ಮ್ಯಾಲೆ ವಾಂತಿ. ಸರಕಾರಿ ದವಾಖಾನಿಗೆ ಓಡಿದ್ವಿ. ಅಲ್ಲಿ ಮಕ್ಕಳ ಡಾಕ್ಟರ್ ಫೈಲ್ ಸೈತ ತೆರಿಲಾರ್ದ ಕೇಳಿದ ಮೊದಲನೇ ಮಾತು, "ಜ್ವರ ಬಂದು ಎಷ್ಟನೇ ದಿನ ಇದು ಅಕ್ಕಾರ?" ಆ ಒಂದ ಮಾತಿಗೆ ನನಗ ಅಳು ಬಂತು. ಪ್ಲೇಟ್ಲೆಟ್ 38 ಸಾವಿರಕ್ಕ ಇಳದಿತ್ತು. ರಿಪೋರ್ಟಿನ ದಾರಿ ಕಾಯಲಿಲ್ಲ, ತಕ್ಷಣ ಸಲಾಯಿನ್ ಹಚ್ಚಿ ತಾಸತಾಸಿಗೆ ನೋಡಕೋತ ಕುಂತ್ರು. ಮರುದಿನ ಎಲೈಸಾ ಅನ್ನೂ ಲ್ಯಾಬ್ ಟೆಸ್ಟಿನ್ಯಾಗ ಐಜಿಎಂ (ರೋಗದ ವಿರುದ್ಧ ಮೈ ತಯಾರ ಮಾಡೂ ಪ್ರತಿಕಾಯ) ಪಾಸಿಟಿವ್. ಡೆಂಗ್ಯೂನ.

ಆಮ್ಯಾಲೆ ಅವರ ತಿಳಿಸಿ ಹೇಳಿದ್ರು. ಲ್ಯಾಬಿನವರು ಮಾಡಿದ್ದು ಬರೇ ಎನ್‌ಎಸ್‌1, ಅಂದ್ರ ಡೆಂಗ್ಯೂ ವೈರಸ್ಸಿನ ಒಂದು ಪ್ರೋಟೀನ್ ರಕ್ತದಾಗ ಐತೇನು ಅಂತ ನೋಡೂ ಟೆಸ್ಟ್. ಅದು ಜ್ವರದ ಮೊದಲ ನಾಕೈದ ದಿನದಾಗ ಛಲೋ ಹಿಡಿತೈತಿ, ಆಮ್ಯಾಲೆ ರಕ್ತದಾಗಿಂದ ಕಡಿಮಿ ಆಕ್ಕೋತ ಹೋಗ್ತೈತಿ, ಅಷ್ಟರಾಗ ಐಜಿಎಂ ಬರಾಕ ಚಾಲೂ ಆಗ್ತೈತಿ, ಅದಕ್ಕ ಆರನೇ ದಿನ ಬರೇ ಎನ್‌ಎಸ್‌1 ನೋಡಿ ಡೆಂಗ್ಯೂ ಇಲ್ಲ ಅನ್ನಾಕ ಬರೂದಿಲ್ಲ. ವಿಡಾಲ್ ಅಂತೂ ಹಿಂದ ಟೈಫಾಯ್ಡ್ ಆಗಿದ್ರೂ, ಬ್ಯಾರೆ ಜ್ವರ ಇದ್ರೂ ಪಾಸಿಟಿವ್ ತೋರಿಸಬಹುದು, ಖರೇ ಟೈಫಾಯ್ಡ್ ನೋಡಬೇಕಂದ್ರ ಸೂಜಿ ಮಾಡೂಕಿಂತ ಮೊದಲ ಬ್ಲಡ್ ಕಲ್ಚರ್ (ರಕ್ತದಾಗಿನ ರೋಗಾಣು ಬೆಳಿಸಿ ನೋಡೂ ಟೆಸ್ಟ್) ಕಳಸಬೇಕು. ಐಬುಪ್ರೊಫೆನ್ ಡೆಂಗ್ಯೂದಾಗ ಕೊಡಲೇಬಾರದು, ರಕ್ತಸ್ರಾವ ಆಗೂ ಭಯ ಇರ್ತೈತಿ. ಮತ್ತ ಜ್ವರ ಬಿಡೂ ಹೊತ್ತೇ ಖರೇ ಗಂಡಾಂತರದ ಹೊತ್ತಂತ! ನಾವು ಆರಾಮಾತು ಅಂತ ದೀಪ ಹಚ್ಚಿ ಕುಂತಿದ್ವಲ್ರೀ.

ನಾನು ಕಾರ್ಡಿಗೆ ಬೈಯಾಕತ್ತಿಲ್ಲ. ಹಳ್ಳಿಯಿಂದ ಕೂಸಿನ್ನ ಹೊತ್ಕೊಂಡ ಬಂದೋರಿಗೆ ಇಪ್ಪತ್ತ ನಿಮಿಷದಾಗ ಉತ್ತರ ಸಿಗೂದು ಸಣ್ಣ ಮಾತಲ್ಲ. ಆದ್ರ 2024ರ ಜುಲೈದಾಗ ಸರಕಾರ ಎನ್‌ಎಸ್‌1, ಐಜಿಎಂ, ಐಜಿಜಿ (ಇನ್ನೊಂದು ಪ್ರತಿಕಾಯ) ಮೂರೂ ಇರೋ ಕಾರ್ಡ್ ಟೆಸ್ಟಿಗೆ 250 ರೂಪಾಯಿ ಅಂತ ರೇಟ್ ಕಟ್ಟೇತಿ, ಇವರು 600 ತಗೊಂಡು ಮೂರರಾಗ ಒಂದ ಮಾಡಿದ್ರು. ನಿನ್ನಿ ನಮ್ಮ ಮನಿಯವರು ಹೋಗಿ ಕೇಳಿದ್ರ, "ಚೀಟ್ಯಾಗ ಬರದಿದ್ದ ಮಾಡೇವ್ರಿ" ಅಂದ್ರಂತ. ಕ್ಲಿನಿಕ್‌ನ್ಯಾಗ ಕೇಳಿದ್ರ, "ರಿಪೋರ್ಟ್ ನೆಗೆಟಿವ್ ಇತ್ತಲ್ರಿ." ನಡುವ ನನ್ನ ಕೂಸು!

ಆ ರಿಪೋರ್ಟ್ ಇನ್ನೂ ನನ್ನ ಕಡೆ ಐತಿ. ಹೆಸರು ಐತಿ, ವಯಸ್ಸು ಐತಿ, ಡಾಕ್ಟರ್ ಹೆಸರು ದಪ್ಪ ಅಕ್ಷರದಾಗ ಐತಿ. ಜ್ವರ ಬಂದು ಎಷ್ಟನೇ ದಿನ ಅಂತ ಬರಿಯಾಕ ಒಂದ ಗೆರಿ ಸೈತ ಇಲ್ಲ.