ಪರ-ವಿರೋಧ: ಸ್ಟ್ರೈಕ್ ಯಾವುದು ಅಂತ ಕ್ಯಾಮೆರಾ ಹೇಳಬೇಕೇ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಪೈರ್ ಕೊಟ್ಟ ಸ್ಟ್ರೈಕ್ ಅಥವಾ ಬಾಲ್ ತೀರ್ಪನ್ನು 2026ರ ಸೀಸನ್‌ನಿಂದ ಆಟಗಾರರು ಪ್ರಶ್ನಿಸಬಹುದು. ಪ್ರಶ್ನಿಸಿದರೆ ಕ್ಯಾಮೆರಾ ಹೇಳಿದ್ದೇ ಕೊನೆಯ ಮಾತು. ಇದು ಬೇಕಿತ್ತೇ? ಶಿಕಾಗೋ ವೈಟ್ ಸಾಕ್ಸ್ ತಂಡದ ಇಬ್ಬರು ಕನ್ನಡಿಗ ಅಭಿಮಾನಿಗಳು ಇಲ್ಲಿ ಬರೆದಿದ್ದಾರೆ.

ಪರ: ಸೋಲುವವರಿಗೂ ಸರಿಯಾದ ತೀರ್ಪು ಸಿಗಲಿ

2024ರ ಬೇಸಿಗೆಯಲ್ಲಿ ಅಪ್ಪ ದಾವಣಗೆರೆಯಿಂದ ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ಅವರನ್ನು ವೈಟ್ ಸಾಕ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದೆ. ಆ ವರ್ಷ ನಮ್ಮ ತಂಡ 162 ಪಂದ್ಯಗಳಲ್ಲಿ 121 ಸೋತಿತು. 1901ರಿಂದ ಈಚೆಗೆ ಒಂದೇ ಸೀಸನ್‌ನಲ್ಲಿ ಇಷ್ಟು ಸೋತ ತಂಡ ಇನ್ನೊಂದಿಲ್ಲ. ಕ್ರೀಡಾಂಗಣದಲ್ಲಿ ಅರ್ಧಕ್ಕಿಂತ ಜಾಸ್ತಿ ಕುರ್ಚಿ ಖಾಲಿ. ಇದ್ದವರು "ತಂಡ ಮಾರಿ" ಅಂತ ಮಾಲೀಕರಿಗೆ ಕೂಗುತ್ತಿದ್ದರು. ಅಪ್ಪನಿಗೆ ಇಡೀ ಆಟವೇ ಹೊಸದು. ಬ್ಯಾಟರ್ ಬೀಸದೆ ಬಿಟ್ಟ ಎಸೆತ, ಅವನ ಪಕ್ಕ ನೆಲದಲ್ಲಿರುವ ಹಲಗೆಯ, ಅಂದರೆ ಹೋಮ್ ಪ್ಲೇಟಿನ ಮೇಲೆ, ಮೊಣಕಾಲಿಗೂ ಎದೆಗೂ ನಡುವೆ ಹೋದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್, ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಸುಮ್ನೆ ನಡೆದು ಮೊದಲ ಬೇಸ್‌ಗೆ ಹೋಗಬಹುದು ಅಂತ ಹೇಳಿಕೊಟ್ಟೆ.

ಎಂಟನೇ ಇನಿಂಗ್. ನಾವು ಒಂದು ರನ್ ಹಿಂದೆ. ಎರಡು ಔಟ್ ಆಗಿದೆ, ಮೂರೂ ಬೇಸ್‌ಗಳಲ್ಲಿ ನಮ್ಮವರು. ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಬಾಲ್ ಬಂದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ರನ್ ತಾನಾಗಿ ಬರುತ್ತೆ, ಸ್ಕೋರ್ ಸಮ. ಎಸೆತ ಹೊರಗೆ ಹೋಯಿತು. ನಮ್ಮ ಬ್ಯಾಟರ್ ಆಗಲೇ ಬ್ಯಾಟ್ ಕೆಳಗೆ ಹಾಕಿ ಮೊದಲ ಬೇಸ್ ಕಡೆ ಹೆಜ್ಜೆ ಇಟ್ಟಿದ್ದ. ಅಂಪೈರ್ ಸ್ಟ್ರೈಕ್ ಅಂದುಬಿಟ್ಟರು. ಪಂದ್ಯ ಅದೇ ಒಂದು ರನ್ನಿನಿಂದ ಹೋಯಿತು.

"ಹೊರಗೆ ಹೋಯ್ತಲ್ಲಮ್ಮ. ಮೇಲೆ ಕೇಳೋ ಹಾಗಿಲ್ವಾ?" ಅಂದರು ಅಪ್ಪ.

"ಇಲ್ಲಪ್ಪ, ಇದಕ್ಕೆ ಇಲ್ಲ," ಅಂದೆ. ಅವರು ನಂಬಲಿಲ್ಲ. ಇಷ್ಟು ದೊಡ್ಡ ದೇಶ, ಇಷ್ಟು ಕ್ಯಾಮೆರಾ, ಆದರೂ ಇಲ್ವಾ?

ಮನೆಗೆ ಬರುವ ದಾರಿಯಲ್ಲಿ ಅವರು ಮಾತಾಡಿದ್ದು ಬೇಸ್‌ಬಾಲ್ ಬಗ್ಗೆ ಅಲ್ಲ, ಸಿಡ್ನಿ ಬಗ್ಗೆ. 2008ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್. 30 ರನ್ ಗಳಿಸಿದ್ದಾಗ ಸೈಮಂಡ್ಸ್ ಬ್ಯಾಟಿಗೆ ಚೆಂಡು ತಾಗಿ ಧೋನಿ ಕೈಗೆ ಹೋಗಿತ್ತು. ಔಟ್ ಕೊಡಲಿಲ್ಲ. ಆತ ಔಟಾಗದೆ 162 ಹೊಡೆದ. ಕೊನೆಯ ದಿನ ನಮ್ಮ ದ್ರಾವಿಡ್ ಬ್ಯಾಟಿಗೆ ತಾಗದ ಚೆಂಡಿಗೆ ಔಟ್. ಭಾರತ 122 ರನ್‌ಗಳಿಂದ ಸೋತಿತು. ನಾಯಕ ಕುಂಬ್ಳೆ 45 ಗಳಿಸಿ ಔಟಾಗದೆ ಉಳಿದಿದ್ದರು. ಅಷ್ಟು ವರ್ಷ ಕಳೆದರೂ ಅಪ್ಪನ ದನಿಯಲ್ಲಿ ಆ ನೋವು ಹಾಗೇ ಇತ್ತು. ತಪ್ಪು ತೀರ್ಪು ಅಂದರೆ ಇದು. ಪಂದ್ಯ ಮುಗಿಯುತ್ತೆ, ಅದು ಮುಗಿಯಲ್ಲ.

ಕ್ರಿಕೆಟ್ ಪಾಠ ಕಲಿಯಿತು. ಅದೇ ವರ್ಷ ಭಾರತ-ಶ್ರೀಲಂಕಾ ಟೆಸ್ಟ್ ಸರಣಿಯಲ್ಲಿ, ಅಂಪೈರ್ ತೀರ್ಪನ್ನು ಮತ್ತೆ ನೋಡಿ ಅಂತ ಆಟಗಾರರು ಕೇಳಬಹುದಾದ ಡಿಆರ್‌ಎಸ್ ಪ್ರಯೋಗ ನಡೆಯಿತು. ನಮ್ಮ ಕ್ರಿಕೆಟ್ ಮಂಡಳಿಯೇ ಹಲವು ವರ್ಷ ಬೇಡ ಅಂತ ಹಟ ಹಿಡಿದು, 2016ರಲ್ಲಿ ಇಂಗ್ಲೆಂಡ್ ಸರಣಿಯ ಹೊತ್ತಿಗೆ ಒಪ್ಪಿಕೊಂಡಿತು. ಈಗ ಡಿಆರ್‌ಎಸ್ ಇಲ್ಲದ ಟೆಸ್ಟ್ ಊಹಿಸಿಕೊಳ್ಳಿ, ಆಗುತ್ತಾ?

ಬೇಸ್‌ಬಾಲ್‌ನ ಹೊಸ ಏರ್ಪಾಡು ಅದಕ್ಕಿಂತ ಸರಳ. ಪ್ರತಿ ತಂಡಕ್ಕೆ ಎರಡು ಅವಕಾಶ. ಪ್ರಶ್ನೆ ಸರಿಯಿದ್ದರೆ ಅವಕಾಶ ಉಳಿಯುತ್ತೆ. ಬ್ಯಾಟರ್, ಚೆಂಡು ಎಸೆಯುವ ಪಿಚರ್, ಪ್ಲೇಟಿನ ಹಿಂದೆ ಕೂತು ಹಿಡಿಯುವ ಕ್ಯಾಚರ್ ಮೂವರಲ್ಲಿ ಒಬ್ಬರು ತಕ್ಷಣ ತಲೆಯ ಮೇಲೆ ತಟ್ಟಿಕೊಳ್ಳಬೇಕು. ಹೊರಗೆ ಕೂತ ಕೋಚ್ ಸನ್ನೆ ಮಾಡುವ ಹಾಗಿಲ್ಲ. ಪ್ಲೇಟಿನ ಅಗಲ 17 ಇಂಚು. ಸ್ಟ್ರೈಕ್ ಜಾಗದ ಮೇಲಿನ ಗೆರೆ ಬ್ಯಾಟರ್ ಎತ್ತರದ ಶೇ 53.5, ಕೆಳಗಿನದು ಶೇ 27. ಚೆಂಡಿನ ಅಂಚು ತಾಗಿದರೂ ಸ್ಟ್ರೈಕ್. ಕ್ರಿಕೆಟ್‌ನ "ಅಂಪೈರ್ಸ್ ಕಾಲ್" ಗೋಜಲು ಇಲ್ಲಿಲ್ಲ. 2025ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಒಂದೊಂದು ಪ್ರಶ್ನೆಗೆ ಸರಾಸರಿ 14 ಸೆಕೆಂಡ್ ಕೂಡ ಹಿಡಿಯಲಿಲ್ಲ. ಪ್ರಶ್ನಿಸಿದ ತೀರ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬದಲಾದವು. ಅರ್ಧಕ್ಕಿಂತ ಜಾಸ್ತಿ!

ನಾನು ಅಂಪೈರ್‌ಗಳನ್ನು ಬೈಯುತ್ತಿಲ್ಲ. ಗಂಟೆಗೆ 95 ಮೈಲಿ ವೇಗದ ಎಸೆತ ಅರ್ಧ ಸೆಕೆಂಡ್ ಆಗುವ ಮೊದಲೇ ಕಣ್ಣ ಮುಂದೆ ಹಾದುಹೋಗುತ್ತೆ. ಮನುಷ್ಯರ ಕಣ್ಣು ತಪ್ಪುತ್ತೆ. ಅದಕ್ಕೇ ಕೇಳುವ ಹಕ್ಕು ಬೇಕು. ಗೆಲ್ಲುವ ತಂಡಕ್ಕೆ ಒಂದು ತೀರ್ಪು ಹೋದರೆ ನಾಳೆ ಇನ್ನೊಂದು ಸಿಗುತ್ತೆ. ನಮ್ಮಂಥ ತಂಡಕ್ಕೆ ವಾರಕ್ಕೊಮ್ಮೆ ಒಂದು ಬಾಗಿಲು ತೆರೆಯುತ್ತೆ, ಅದನ್ನೂ ಮುಚ್ಚಿದರೆ ಹೇಗೆ?

ಅಂಪೈರ್ ತಪ್ಪೂ ಆಟದ ಭಾಗ ಅಂತ ಕೆಲವರು ಹೇಳುತ್ತಾರೆ. ಹಾಗಾದರೆ ತೂಕದಲ್ಲಿ ಮೋಸಾನೂ ಸಂತೆಯ ಭಾಗ ಅನ್ನಿ. ಇನ್ನು ಕ್ಯಾಚರ್ ಹೊರಗಿನ ಚೆಂಡನ್ನು ಹಿಡಿದು, ಅಂಪೈರ್‌ಗೆ ಸ್ಟ್ರೈಕ್ ಅಂತ ಕಾಣುವ ಹಾಗೆ ಗ್ಲೌಸನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುವ ಫ್ರೇಮಿಂಗ್. ಅದೊಂದು ಕಲೆಯಂತೆ. ನನಗೆ ಅದು ಕಣ್ಕಟ್ಟು, ಅಷ್ಟೇ.

ಅಪ್ಪ ಈಗಲೂ ಫೋನಿನಲ್ಲಿ ವೈಟ್ ಸಾಕ್ಸ್ ಹೈಲೈಟ್ಸ್ ನೋಡುತ್ತಾರೆ. ಕರೆ ಮಾಡಿದಾಗ ಸ್ಕೋರ್ ಆಮೇಲೆ, ಮೊದಲು ಇದೇ ಪ್ರಶ್ನೆ: "ನಮ್ಮೋರು ತಲೆ ತಟ್ಟಿಕೊಂಡ್ರಾ? ಸಿಕ್ತಾ?"

ವಿರೋಧ: ಸೋಲಿಗೆ ಕಾರಣ ಬೇರೆಡೆ ಇದೆ

ನನಗೆ ವಿರೋಧದ ಕಡೆ ಕೊಟ್ಟರು. ಕ್ಯಾಮೆರಾವನ್ನು ನಾನು ಪೂರ್ತಿ ವಿರೋಧಿಸುವವನಲ್ಲ. ಆದರೆ ಸೋತಾಗಲೆಲ್ಲ ಅಂಪೈರ್ ಕಡೆ ಬೆರಳು ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

2024ರಲ್ಲಿ ನಾವು ಒಮ್ಮೆ ಸತತ 21 ಪಂದ್ಯ ಸೋತೆವು. ಅದಕ್ಕೆ ಸ್ಟ್ರೈಕ್ ತೀರ್ಪು ಕಾರಣವೇ? ಬ್ಯಾಟಿಂಗ್ ಇರಲಿಲ್ಲ. ಕೊನೆಯ ಇನಿಂಗ್‌ಗಳಲ್ಲಿ ಎಸೆಯಲು ಬಂದವರು ಗೆಲುವು ಉಳಿಸಿಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ ಮ್ಯಾನೇಜರನ್ನೂ ತೆಗೆದರು, ಸೋಲು ನಿಲ್ಲಲಿಲ್ಲ.

ಆ ವರ್ಷ ನಮ್ಮವರನ್ನು ನಿಜಕ್ಕೂ ಕೆರಳಿಸಿದ ತೀರ್ಪು ಮೇ 23ರದ್ದು. ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ ಕೊನೆಯ ಇನಿಂಗ್‌ನಲ್ಲಿ ರನ್ ಮೇಲೆ ರನ್ ಗಳಿಸಿ ನಮ್ಮ ಹಿನ್ನಡೆಯನ್ನು 8-6ಕ್ಕೆ ತಂದಿದ್ದೆವು. ಒಂದೇ ಔಟ್ ಆಗಿತ್ತು, ಇಬ್ಬರು ಬೇಸ್ ಮೇಲಿದ್ದರು. ನಮ್ಮ ಬ್ಯಾಟರ್ ಬೆನಿಂಟೆಂಡಿ ಹೊಡೆದ ಚೆಂಡು ನೇರ ಮೇಲಕ್ಕೆ ಹೋಯಿತು. ಇಂಥ ಸುಲಭದ ಚೆಂಡನ್ನು ಫೀಲ್ಡರ್ ಹಿಡಿಯಲಿ ಬಿಡಲಿ ಬ್ಯಾಟರ್ ಔಟ್ ಅನ್ನುವ ಇನ್‌ಫೀಲ್ಡ್ ಫ್ಲೈ ನಿಯಮದಂತೆ ಆತ ಔಟ್. ಎರಡನೇ ಬೇಸ್ ಹತ್ತಿರ ಇದ್ದ ನಮ್ಮ ವಾನ್ ಫೀಲ್ಡರ್‌ಗೆ ಅಡ್ಡ ಬಂದ ಅಂತ ಅವನೂ ಔಟ್. ಮೂರು ಔಟ್ ಆಯಿತು, ಪಂದ್ಯ ಅಲ್ಲಿಗೇ ಮುಗಿಯಿತು. ಅಡ್ಡ ಬಂದ ಅಂದರೂ ಫೀಲ್ಡರ್ ಆ ಚೆಂಡನ್ನು ಹಿಡಿದಿದ್ದ! ಈ ಹೊಸ ಕ್ಯಾಮೆರಾ ಅದನ್ನು ಸರಿ ಮಾಡುತ್ತಾ? ಇಲ್ಲ. ಅದು ನೋಡುವುದು ಸ್ಟ್ರೈಕ್, ಬಾಲ್ ಮಾತ್ರ.

ಸಿಡ್ನಿ ಉದಾಹರಣೆ ಎಲ್ಲರೂ ಕೊಡುತ್ತಾರೆ. ಅದು ಕ್ರಿಕೆಟ್, ಇದು ಬೇರೆ ಆಟ. ಇಲ್ಲಿ ಒಂದು ಪಂದ್ಯಕ್ಕೆ ಮುನ್ನೂರರ ಹತ್ತಿರ ಎಸೆತ, ಅದರಲ್ಲಿ ಸುಮಾರು ಅರ್ಧಕ್ಕೆ ಅಂಪೈರ್ ತೀರ್ಪು ಹೇಳಬೇಕು. ಎರಡು ಅವಕಾಶ ಯಾವ ಮೂಲೆಗೆ? ಅನುಭವವಿಲ್ಲದ ತಂಡ ಮೊದಲ ಇನಿಂಗ್‌ನಲ್ಲೇ ಎರಡನ್ನೂ ಕಳೆದುಕೊಂಡು ಕೂರುತ್ತೆ.

ನಾನು ಇದನ್ನು ಇನ್ನೊಂದು ಜಾಗದಿಂದ ನೋಡುತ್ತೇನೆ. ಶನಿವಾರಗಳಂದು ನಮ್ಮ ಬಡಾವಣೆಯ ಪಾರ್ಕ್‌ನಲ್ಲಿ ಮಕ್ಕಳ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲುತ್ತೇನೆ. ಮಗ ಆಡುವುದು ಬಿಟ್ಟ ಮೇಲೂ ನಾನು ಬಿಡಲಿಲ್ಲ. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಕ್ಯಾಚರ್ ಮಗುವಿನ ಹಿಂದೆ ಬಗ್ಗಿ ನಿಂತು, ಹತ್ತು ವರ್ಷದ ಹುಡುಗ ಎಸೆದ ಚೆಂಡು ಮೊಣಕಾಲಿನ ಮೇಲೋ ಕೆಳಗೋ ಅಂತ ಹೇಳಬೇಕು. ಬ್ಯಾಟರ್ ಎತ್ತರ ಒಬ್ಬೊಬ್ಬರದು ಒಂದೊಂದು. ಬಿಸಿಲು ಕಣ್ಣಿಗೆ. ಬೇಲಿಯ ಆಚೆ ಅಪ್ಪ ಅಮ್ಮಂದಿರು.

ಈ ವರ್ಷದ ಸೀಸನ್‌ನ ಮೊದಲ ಶನಿವಾರ ಎರಡು ಪಂದ್ಯ ಇತ್ತು. ಮೊದಲನೆಯದಕ್ಕೆ ಹದಿನಾರು ವರ್ಷದ ಒಬ್ಬ ಹುಡುಗಿ ಪ್ಲೇಟಿನ ಹಿಂದೆ ನಿಂತಿದ್ದಳು. ನಾನು ಬೇಸ್ ಕಡೆ ಇದ್ದೆ. ಅವಳು ಮೂರನೇ ಸ್ಟ್ರೈಕ್ ಅಂದಳು. ಬ್ಯಾಟ್ ಹಿಡಿದ ಮಗು ಟಿವಿಯಲ್ಲಿ ನೋಡಿದ್ದನ್ನೇ ಮಾಡಿತು. ಹೆಲ್ಮೆಟ್ ಮೇಲೆ ತಟ್ಟಿಕೊಂಡಿತು. ನಮ್ಮ ಪಾರ್ಕ್‌ನಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? ಅವಳು ಮೆಲ್ಲಗೆ ಮಗುವಿಗೆ ಹೇಳಿದಳು. ಅಷ್ಟರಲ್ಲಿ ಬೇಲಿಯ ಆಚೆ ಒಬ್ಬರು ತಲೆ ತಟ್ಟಿಕೊಂಡರು. ಆಮೇಲೆ ಇನ್ನೊಬ್ಬರು. ಅಲ್ಲಿಂದ ಪ್ರತಿ ತೀರ್ಪಿಗೂ ಅದೇ. ಒಬ್ಬರು ಫೋನಿನಲ್ಲಿ ಚಿತ್ರ ತೆಗೆದು ಬೇಲಿಯ ಸಂದಿಯಿಂದ ಅವಳ ಮುಖಕ್ಕೆ ಹಿಡಿದರು. ನಾನು ಆಟ ನಿಲ್ಲಿಸಿ ಅವರನ್ನು ಹಿಂದೆ ಹೋಗಿ ಅಂದೆ. ಹೋದರು, ಆದರೆ ತಟ್ಟುವುದು ನಿಲ್ಲಲಿಲ್ಲ.

ಮೇಜರ್ ಲೀಗ್‌ನ ಅಂಪೈರ್ ತಡೆದುಕೊಳ್ಳುತ್ತಾರೆ, ಅದು ಅವರ ಉದ್ಯೋಗ. ಈ ಹುಡುಗಿಗೆ ಯಾರಿದ್ದಾರೆ? ನಿನ್ನ ಕಣ್ಣಿನ ಮೇಲೆ ನಂಬಿಕೆಯಿಲ್ಲ ಅಂತ ದೊಡ್ಡವರೇ ಅವಳ ಮುಖಕ್ಕೆ ಹೇಳಿದ ಹಾಗಾಯಿತು.

ಪಂದ್ಯ ಮುಗಿದ ಮೇಲೆ ಅವಳು ಮಾಸ್ಕ್ ತೆಗೆದು ನನ್ನ ಕೈಗೆ ಕೊಟ್ಟಳು. "ಅಂಕಲ್, ಎರಡನೇದಕ್ಕೆ ನೀವೇ ನಿಲ್ತೀರಾ?" ಅಂದಳು. ನಿಂತೆ. ಮುಂದಿನ ಶನಿವಾರ ಅವಳು ಬರಲಿಲ್ಲ. ಎರಡು ಪಂದ್ಯಕ್ಕೂ ನಾನೊಬ್ಬನೇ ಇದ್ದೆ.